ತೂಬು ಮುಚ್ಚಿದ ಬಸಮ್ಮ

ಶಿಕಾರಿಪುರದ ನಮ್ಮ ಲ್ಯಾಬಿನಲ್ಲಿ ಬಸಮ್ಮನ ಎರಡೂ ಕೈಗೆ ಸೂಜಿ ಚುಚ್ಚಿದರೂ ರಕ್ತನಾಳ ಸಿಗಲಿಲ್ಲ. ತುಟಿ ಒಣಗಿ ಬಿರಿದಿತ್ತು. ಗರ್ಭಕಂಠದ ಕ್ಯಾನ್ಸರಿಗೆ ಮರುದಿನವೇ ಅವರ ಚಿಕಿತ್ಸೆ ಶುರುವಾಗಬೇಕು, ಈ ರಕ್ತದ ವರದಿ ಇಲ್ಲದೆ ಆಗುವಂತಿಲ್ಲ. ಸೂಜಿ ಕೆಳಗಿಟ್ಟೆ.

"ನೀರು ಕುಡಿದಿದ್ದೀರೇನ್ರಿ?"

"ಎರಡು ದಿನ ಆತ್ರೀ ಬಿಟ್ಟು. ನೀವೇ ಹೇಳಿದ್ರಲ್ಲ ಮೇಡಂ!"

ಹೇಳಿದ್ದೆ. ಕ್ಯಾನ್ಸರ್ ಗಂಟಿನ ಚೂರನ್ನು ಪರೀಕ್ಷೆಗೆ ಯಾಕೆ ಕಳಿಸುತ್ತೀರಿ ಎಂದು ಹೋದ ವಾರ ಬಸಮ್ಮ ಕೇಳಿದ್ದರು. ಗಂಟು ಒಂದು ಪ್ರೋಟೀನು ಬಿಟ್ಟು ತನ್ನ ಕಡೆಗೆ ಹೊಸ ರಕ್ತನಾಳ ಎಳೆದುಕೊಳ್ಳುತ್ತದೆ, ಪಕ್ಕದವನು ಅಂಜನಾಪುರದ ಕಾಲುವೆ ನೀರನ್ನು ಕದ್ದು ತನ್ನ ಗದ್ದೆಗೆ ತಿರುಗಿಸಿಕೊಂಡ ಹಾಗೆ. ಆ ಪ್ರೋಟೀನು ಎಷ್ಟಿದೆ ಎಂದು ನೋಡುತ್ತಾರೆ ಎಂದಿದ್ದೆ. ಎಂಥ ಹೋಲಿಕೆ ಎಂದು ಒಳಗೊಳಗೇ ಬೀಗಿದ್ದೆ ಕೂಡ.

"ಅದಕ್ಕೇ ತೂಬು ಮುಚ್ಚೀನ್ರೀ. ಒಣಗಿ ಸಾಯ್ಲಿ ಮುಂಡೇದು."

"ಅದಕ್ಕಿಂತ ಮುಂಚೆ ನೀವು ಒಣಗ್ತೀರಿ ಬಸಮ್ಮ!"

ಓಡಿಹೋಗಿ ಡಾಕ್ಟರನ್ನು ಕರೆತಂದೆ. ಅವರು ನೋಡಿ, ಮೊದಲು ನೀರು ಕುಡಿಸಿ ಎಂದರು. ಬಸಮ್ಮ ಲೋಟದೊಳಗೆ ಅನುಮಾನದಿಂದ ಇಣುಕಿದರು. "ಇದು ನಮ್ಮ ಗದ್ದೆಗೆ ಹೋಗ್ತದೋ, ಅವನ ಗದ್ದೆಗೋ?"

"ನಿಮ್ಮದಕ್ಕೇ ಕಣ್ರೀ, ಕುಡೀರಿ."

ಗಂಟೆ ಕಳೆದ ಮೇಲೆ ನಾಳ ಉಬ್ಬಿತು, ರಕ್ತ ಬಂತು. ನನ್ನ ಉಸಿರೂ ಬಂತು.

ಅವತ್ತಿನಿಂದ ಯಾರಿಗಾದರೂ ಹೋಲಿಕೆ ಕೊಟ್ಟು ಹೇಳುವ ಮುಂಚೆ ಅವರ ಕೈಗೆ ಒಂದು ಲೋಟ ನೀರು ಕೊಟ್ಟು, ಕುಡಿದು ಮುಗಿಸುವವರೆಗೂ ಕಾಯುತ್ತೇನೆ.