ಸಿಕಂದರ ಸತ್ತ ಊರು

“ಸಿಕಂದರ ಹೋಗಿಬಿಟ್ನರಿ ಸರ,” ಎಂದರು ಪಕ್ಕದ ಸೀಟಿನ ಹಿರಿಯರು, ಕಣ್ಣೊರೆಸಿಕೊಳ್ಳುತ್ತ. ಬಸವಕಲ್ಯಾಣದಿಂದ ಹುಮನಾಬಾದಿಗೆ ಹೊರಟ ಬಸ್ಸಿನಲ್ಲಿ ನಾನು ಅಂದು ಶಾಲೆಯಲ್ಲಿ ಹೇಳಬೇಕಾದ ಇತಿಹಾಸ ಪಾಠ ತಿರುವಿಹಾಕುತ್ತಿದ್ದೆ. ತೊಡೆಯ ಮೇಲಿನ ಪುಸ್ತಕದಲ್ಲಿ ಅಲೆಕ್ಸಾಂಡರ್ ಕುದುರೆಯೇರಿ ಕುಳಿತಿದ್ದ. ನಮ್ಮ ಕಡೆ ಅವನು ಸಿಕಂದರನೇ. ಅವನಿಗಾಗಿ ಅಳುವ ಇತಿಹಾಸಪ್ರೇಮಿ ಬಸ್ಸಿನಲ್ಲೇ ಸಿಕ್ಕರಲ್ಲ ಎಂದು ಉಬ್ಬಿಹೋದೆ. ನನ್ನ ತರಗತಿಯಲ್ಲಿ ಆಕಳಿಸುವವರೇ ಹೊರತು ಅತ್ತವರಿಲ್ಲ.

“ಹೌದ್ರಿ, ಜ್ವರ ಬಂದು ಬ್ಯಾಬಿಲೋನದಾಗ ಸತ್ತ. ಏನ್ ಮಹಾ ವಯಸ್ಸಾಗಿತ್ತು ಅವಗ!” ಎಂದೆ. ಅಷ್ಟಕ್ಕೇ ಬಿಡದೆ, ಅವನು ಗೆದ್ದ ದೇಶಗಳನ್ನೂ ಹೇಳತೊಡಗಿದೆ.

ಅವರು ಕೈಯಲ್ಲಿದ್ದ ಮೊಬೈಲನ್ನು ಜೇಬಿಗಿಟ್ಟು ನನ್ನನ್ನೇ ನೋಡಿದರು. “ಬ್ಯಾಬಿಲೋನದಾಗ ಅಲ್ರಿ ಸರ, ನಮ್ಮೂರು ಬೇಮಳಖೇಡದಾಗ. ಸಿಕಂದರ ಅಂದ್ರ ನಮ್ಮ ಎತ್ತುರಿ. ಈಗ ಮನಿಂದ ಫೋನ್ ಬಂದಿತ್ತು. ಅದರ ಜೋಡಿ ಎತ್ತು ಮುಂಜಾನಿಂದ ಮೇವು ಮುಟ್ಟವಲ್ದಂತ.”

ನಾನು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದೆ.

ಆ ದಿನ ತರಗತಿಯಲ್ಲಿ ಅಲೆಕ್ಸಾಂಡರ್ ಸತ್ತ ಊರಿನ ಹೆಸರನ್ನು ಹಲಗೆಯ ಮೇಲೆ ಬರೆದು ತಿರುಗಿದರೆ, ದಿನವೂ ಆಕಳಿಸುವ ಮಕ್ಕಳೆಲ್ಲ ನಗುತ್ತಿದ್ದರು. ನೋಡಿದರೆ, ‘ಬೇಮಳಖೇಡ’ ಎಂದು ಬರೆದಿದ್ದೆ. ಒರೆಸಲು ಕೈ ಬರಲಿಲ್ಲ.