ಕಾಂತಿಯ ಪಾಲಿನ ಬೊಂಬಾಯಿ

ಮಡಂತ್ಯಾರಿನ ಟೈಲರ್ ಕಾಂತಿ ನಲವತ್ತೆರಡನೆಯ ವಯಸ್ಸಿನಲ್ಲಿ ಮೂರನೆಯ ಸಲ ಬಸುರಿ ಎಂದು ಈ ಬರಹಗಾರ ಒಂದು ತಿಂಗಳ ಕಾಲ ನಂಬಿದ್ದ. ನಂಬದೆ ಏನು ಮಾಡುವುದು? ಹೊಲಿಗೆ ಮೆಷಿನ್ನಿನ ಪಕ್ಕ ಖರ್ಜೂರದ ಡಬ್ಬಿ, ಕಬ್ಬಿಣಾಂಶದ ಮಾತ್ರೆ. ಹದಿನೈದು ದಿನಕ್ಕೊಮ್ಮೆ ಬಾಗಿಲಿಗೆ ಕಾರು ಬಂದು ಮಂಗಳೂರಿನ ಆಸ್ಪತ್ರೆಗೆ ಸವಾರಿ. ಅವಳ ಗಂಡ, ಬಸ್ ಕಂಡಕ್ಟರ್ ನಿತ್ಯಾನಂದನ ಕೈಕುಲುಕಿ ಅಭಿನಂದಿಸಿದ್ದೂ ಆಯಿತು. ಆತ ಸೀಟಿ ಊದುವುದನ್ನು ಮರೆತು ಎರಡು ನಿಮಿಷ ಬಸ್ಸು ನಿಲ್ಲಿಸಿಕೊಂಡ.

ಬಸುರಿ ಕಾಂತಿಯಲ್ಲ, ಮೂಡುಬಿದಿರೆಯಲ್ಲಿರುವ ಅವಳ ತಂಗಿ ಸಾತ್ವಿಕಾ. ತಂಗಿಯ ಬಸಿರಿಗೆ ಅಕ್ಕ ಖರ್ಜೂರ ತಿನ್ನಬೇಕಾಗಿ ಬಂದ ಬಗೆ ಹೀಗೆ.

ಕಾಂತಿಗೆ ಒಂದು ವರ್ಷವಾಗಿದ್ದಾಗ ಅಪ್ಪ ಬಂಟ್ವಾಳ ಬಿಟ್ಟು ಬೊಂಬಾಯಿಯ ಹೋಟೇಲಿನ ಕೆಲಸಕ್ಕೆ ಹೋದರು. ಎರಡು ವರ್ಷಕ್ಕೊಮ್ಮೆ ಬರುವಾಗ ಫ್ರಾಕು ತರುತ್ತಿದ್ದರು, ಹಿಂದಿನ ಸಲ ನೋಡಿ ಹೋಗಿದ್ದ ಮಗುವಿನ ಅಳತೆಯದ್ದು. ಕಾಂತಿಯ ತೋಳು ಕೂಡ ಅದರಲ್ಲಿ ಹಿಡಿಯುತ್ತಿರಲಿಲ್ಲ. ಅಮ್ಮ ಎಲ್ಲವನ್ನೂ ಮಡಚಿ ಪೆಟ್ಟಿಗೆಯಲ್ಲಿಟ್ಟಳು. ಎಂಟು ವರ್ಷದ ಬಳಿಕ ಹುಟ್ಟಿದ ಸಾತ್ವಿಕಾ ಅವನ್ನು ಒಂದೊಂದಾಗಿ ತೊಟ್ಟು ಮೆರೆದಳು. ಕಾಂತಿ ಅಳತೆಪಟ್ಟಿ ಹಿಡಿಯುವ ಕಸುಬನ್ನೇ ಏಕೆ ಆರಿಸಿಕೊಂಡಳೆಂದು ಬಿಡಿಸಿ ಹೇಳಬೇಕಾಗಿಲ್ಲ.

ಸಾತ್ವಿಕಾಳ ಐದನೆಯ ತಿಂಗಳ ಪರೀಕ್ಷೆಯಲ್ಲಿ ರಕ್ತ ತಕರಾರು ತೆಗೆಯಿತು. ನೋಡಿದರೆ 'ಓ' ಗುಂಪಿನಂತೆ ಕಾಣುತ್ತದೆ, ಆದರೆ ಯಾವ 'ಓ' ರಕ್ತವೂ ಹೊಂದುತ್ತಿಲ್ಲ. ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಗೊತ್ತಾಯಿತು: ಬಾಂಬೆ ಬ್ಲಡ್ ಗ್ರೂಪ್. ಹೆರಿಗೆಯಲ್ಲಿ ರಕ್ತಸ್ರಾವ ಹೆಚ್ಚಾದರೆ ಅದೇ ಗುಂಪಿನ ರಕ್ತ ಬೇಕು. ಬೇರೆಯದು ಕೊಟ್ಟರೆ ಜೀವಕ್ಕೇ ಅಪಾಯ. "ಒಂದು ಬಾಟ್ಲಿಯಾದರೂ ಮೊದಲೇ ತಯಾರು ಇರ್ಬೇಕು. ಒಡಹುಟ್ಟಿದವರಿದ್ದರೆ ಪರೀಕ್ಷೆ ಮಾಡಿಸಿ," ಎಂದರು ಡಾಕ್ಟರು.

ಸಾತ್ವಿಕಾಳ ಗಂಡ ರೋಹಿತ್ ಬಹ್ರೈನಿನಲ್ಲಿದ್ದು ಬಂದವನು. ಹೆದರಿಕೆಯೂ ಹೆಮ್ಮೆಯೂ ಅವನಿಗೆ ಒಟ್ಟಿಗೇ ಬಂದವು. ದೇಶವಿಡೀ ಫೋನು ಮಾಡಿ ಇಬ್ಬರು ದಾನಿಗಳನ್ನು ಹುಡುಕಿದ. ಒಬ್ಬರು ವಿದೇಶದಲ್ಲಿ, ಇನ್ನೊಬ್ಬರು ಮೊನ್ನೆ ತಾನೇ ಕೊಟ್ಟಿದ್ದರು. ಆದರೂ ಏಳನೆಯ ತಿಂಗಳಿನ ಬಯಕೆಯೂಟದ ದಿನ ಎಲೆಯಿಂದ ಎಲೆಗೆ ಹೋಗಿ "ಹತ್ತು ಸಾವಿರಕ್ಕೆ ಒಬ್ಬರಂತೆ!" ಎಂದು ಹೇಳಿದ್ದೇ ಹೇಳಿದ್ದು, ನೋಡಿ ಆರಿಸಿ ಮದುವೆಯಾದವನ ಹಾಗೆ. ಕಾಂತಿ ತಂಗಿಗೆಂದು ಎಂಟು ದಿನ ಕೂತು ಕಸೂತಿ ಹಾಕಿದ್ದ ರವಿಕೆಯನ್ನು ಯಾರೂ ನೋಡಲಿಲ್ಲ. ಎಲ್ಲರಿಗೂ ಅದರೊಳಗಿನ ರಕ್ತದ್ದೇ ಮಾತು. ಕಾಂತಿ ಪಾಯಸ ಬಡಿಸುತ್ತ ಸೌಟಿನಲ್ಲಿ ತಪ್ಪಲೆಗೆ ಬೇಕಾದ್ದಕ್ಕಿಂತ ಜೋರಾಗಿ ಬಡಿದಳು.

"ಇವರ ಅಪ್ಪ ಬೊಂಬಾಯಿಯಲ್ಲಿ ಇದ್ದದ್ದಲ್ವಾ, ಅಲ್ಲಿಂದಲೇ ಬಂದದ್ದು," ಎಂದಳು ಅಮ್ಮ, ಖಚಿತವಾಗಿ.

"ಹಾಗಾದರೆ ಅಕ್ಕನಿಗೂ ಇರ್ಬಹುದಲ್ಲ ಅತ್ತೆ?" ಎಂದ ರೋಹಿತ್.

"ಇವಳು ಹುಟ್ಟಿದ್ದು ಅವರು ಬೊಂಬಾಯಿಗೆ ಹೋಗುವ ಮೊದಲು. ಇವಳದ್ದು ಬಂಟ್ವಾಳದ್ದೇ ರಕ್ತ."

ಓದಿದವರೂ ಕೂತಿದ್ದ ಪಂಕ್ತಿಯಲ್ಲಿ ಯಾರಿಗೂ ಇದು ತಪ್ಪೆನಿಸಲಿಲ್ಲ. ಕಾಂತಿಯ ಎರಡು ಹೆರಿಗೆಯ ಕಾರ್ಡುಗಳಲ್ಲೂ 'ಓ ಪಾಸಿಟಿವ್' ಎಂದೇ ಬರೆದಿತ್ತು. ಫ್ರಾಕಿನ ಹಾಗೆ ಇದೂ ತಂಗಿಯ ಪಾಲಿಗೆ.

"ಬೊಂಬಾಯಿಯದ್ದು ನನ್ನ ಮೈಯಲ್ಲಿ ಏನಾದರೂ ಉಂಟಾ ಇಲ್ವಾ, ನೋಡಿಯೇ ಬಿಡುವ," ಎಂದಳು ಕಾಂತಿ ಮರುದಿನ ಗಂಡನಿಗೆ.

"ಇದ್ದರೆ ಏನು ಮಾಡ್ತಿ?"

"ತಂಗಿಗೆ ಹೇಳ್ತೇನೆ, ನನಗೂ ಉಂಟು ಅಂತ."

ಮಂಗಳೂರಿನ ಆ ಆಸ್ಪತ್ರೆಯ ರಕ್ತನಿಧಿಯಲ್ಲಿ ಕೆಲಸ ಮಾಡುವ ಶಮ್ನಾ ಕಾಂತಿಯ ರಕ್ತದ ವರದಿಯನ್ನು ಎರಡು ಸಲ ಓದಿದಳು. "ಅಕ್ಕ, ನಿಮ್ಮದೂ ಅದೇ. ಸಾದಾ ಪರೀಕ್ಷೆಯಲ್ಲಿ 'ಓ' ಅಂತಲೇ ಕಾಣ್ತದೆ. ಹೆಸರು ಮಾತ್ರ ಬೊಂಬಾಯಿಯದ್ದು. ಇದು ಅಪ್ಪ, ಅಮ್ಮ ಇಬ್ಬರ ಕಡೆಯಿಂದಲೂ ಬರ್ಬೇಕು. ಹೋಟೇಲಿಗೂ ಇದಕ್ಕೂ ಸಂಬಂಧ ಇಲ್ಲ."

ಕಾಂತಿಗೆ ಮೊದಲು ಆದದ್ದು ಗೆದ್ದ ಸಂತೋಷ. ಅದು ಅರೆಕ್ಷಣವೂ ಬಾಳಲಿಲ್ಲ.

"ಹಾಗಾದರೆ ನನ್ನ ಎರಡು ಹೆರಿಗೆ?"

"ರಕ್ತ ಬೇಕಾಗಿ ಬರ್ಲಿಲ್ಲ ಅಲ್ವಾ, ನಿಮ್ಮ ಅದೃಷ್ಟ."

"ಎಂಥ ಅದೃಷ್ಟ? ಇದೇ ರಕ್ತದಲ್ಲಿ ಎರಡು ಹೆತ್ತೆ, ನೋವು ಬರುವವರೆಗೆ ಮೆಷಿನ್ ತುಳಿದೆ. ಒಬ್ಬರಾದರೂ ಒಂದು ಖರ್ಜೂರ ಕೊಟ್ಟಿದ್ದಾರಾ?"

ಕೊಡುವ ಕಾಲ ಬಂದಿತ್ತು. ಕಾಂತಿಯ ಹಿಮೋಗ್ಲೋಬಿನ್ ಹತ್ತು ಪಾಯಿಂಟ್ ಎರಡು. ರಕ್ತ ತೆಗೆಯಬೇಕಾದರೆ ಹನ್ನೆರಡೂವರೆ ಬೇಕು. ತಂಗಿಯ ಹೆರಿಗೆಗೆ ಉಳಿದದ್ದು ಒಂಬತ್ತು ವಾರ. ಚಾ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲವೆಂದು, ದಿನಕ್ಕೆ ಆರು ಚಾ ಕುಡಿಯುತ್ತಿದ್ದವಳಿಗೆ ಊಟದ ಹತ್ತಿರ ಚಾ ಬಂದ್ ಆಯಿತು. ಹೆಂಡತಿಯ ಹೆರಿಗೆಗೆಂದು ರೋಹಿತ್ ಇಟ್ಟಿದ್ದ ಫೈಲಿನಲ್ಲಿ 'ಅಕ್ಕ' ಎಂಬ ಹೊಸ ವಿಭಾಗ ತೆರೆಯಿತು. ದಾಳಿಂಬೆ, ಬಸಳೆ, ಬಂಗುಡೆ, ಕಾರು ಎಲ್ಲವೂ ಮೂಡುಬಿದಿರೆ ಬಿಟ್ಟು ಮಡಂತ್ಯಾರಿನ ದಾರಿ ಹಿಡಿದವು.

ಸಾತ್ವಿಕಾ ಫೋನು ಮಾಡಿದಳು. "ಅಕ್ಕ, ಇವರು ನನ್ನನ್ನು ಹೇಗಿದ್ದಿ ಅಂತ ಕೇಳುವುದನ್ನೇ ಬಿಟ್ಟಿದ್ದಾರೆ. ಯಾವಾಗ ನೋಡಿದರೂ ಅಕ್ಕನದ್ದು ಎಷ್ಟಾಯ್ತು, ಎಷ್ಟಾಯ್ತು!"

"ಹೊಟ್ಟೆ ಉರೀತದಾ?"

"ಉರೀತದೆ."

"ಉರೀಲಿ. ನನಗೆ ಮೂವತ್ತು ವರ್ಷದ ಅಭ್ಯಾಸ ಉಂಟು. ಅದರಿಂದ ಯಾರೂ ಸಾಯುವುದಿಲ್ಲ."

ಹನ್ನೊಂದು ಪಾಯಿಂಟ್ ನಾಲ್ಕು ಆಯಿತು. ಹನ್ನೆರಡು ಪಾಯಿಂಟ್ ಒಂದರಲ್ಲಿ ಬಂದು ಎರಡು ವಾರ ಕದಲದೆ ಕೂತಿತು. ರೋಹಿತ್ ಮಾತು ಬಿಟ್ಟ. ಕಾಂತಿ ಮಾತ್ರೆಯನ್ನು ಬೈದುಕೊಂಡೇ ನುಂಗಿದಳು, ಒಂದನ್ನೂ ತಪ್ಪಿಸಲಿಲ್ಲ. ಹೆರಿಗೆಯ ಆಪರೇಷನ್ನಿಗೆ ಆರು ದಿನವಿದ್ದಾಗ ಹನ್ನೆರಡು ಪಾಯಿಂಟ್ ಆರು. ಶಮ್ನಾ ಅದೇ ದಿನ ರಕ್ತ ತೆಗೆದು, ಹೆಸರು ಬರೆದು, ತಂಪಿನಲ್ಲಿಟ್ಟಳು.

ಆಪರೇಷನ್ನಿನ ದಿನ ಮಗು ಚೆನ್ನಾಗಿಯೇ ಹುಟ್ಟಿತು, ಹೆಣ್ಣು. ತಾಯಿಯ ರಕ್ತ ನಿಲ್ಲಲಿಲ್ಲ. ಬಾಟ್ಲಿ ಒಳಗೆ ಹೋಯಿತು. ಹೊರಗೆ ಕಾಂತಿ ಶಮ್ನಾಳ ಕೈ ಹಿಡಿದಳು. "ಇನ್ನೊಂದು ತೆಗಿ."

"ಆಗುವುದಿಲ್ಲ ಅಕ್ಕ, ನಾಲ್ಕು ತಿಂಗಳು ಕಳೀಬೇಕು."

"ರಕ್ತ ನನ್ನದು, ತಂಗಿ ನನ್ನವಳು. ನಿನ್ನದೆಂಥ ಮಧ್ಯದಲ್ಲಿ?"

ಶಮ್ನಾ ಕೈ ಬಿಡಿಸಿಕೊಳ್ಳಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಡಾಕ್ಟರು ಬಾಗಿಲು ತೆರೆದು, ನಿಂತಿತು, ಒಂದೇ ಸಾಕಾಯಿತು ಎಂದರು. ಅಮ್ಮ ಅಳುತ್ತ ಕೂತಳು. ಕಾಂತಿ ನಿಂತಲ್ಲೇ ಗೋಡೆಗೆ ಒರಗಿದಳು.

ಮರುದಿನ ಕಾಂತಿ ತಂಗಿಗೆ ಗಂಜಿ ಕುಡಿಸುತ್ತಿದ್ದಾಗ ರೋಹಿತನ ನಾಲಿಗೆ ಮರಳಿ ಬಂದಿತ್ತು. ಮೊಬೈಲನ್ನು ಕಾಂತಿಯ ಮುಖದ ಮುಂದೆ ಹಿಡಿದು, ಗಂಟಲು ಸರಿಮಾಡಿಕೊಂಡು, ಸಭೆಯ ಕನ್ನಡದಲ್ಲಿ ಕೇಳಿದ: "ಅಕ್ಕ, ತಮ್ಮ ರಕ್ತವನ್ನು ತಂಗಿಗೆ ಧಾರೆಯೆರೆದ ಬಳಿಕ ತಮ್ಮ ಅಂತರಂಗದಲ್ಲಿ ಏನಾದರೂ ಬದಲಾವಣೆ ಆಗಿದೆಯೇ?"

ಕಾಂತಿ ಚಮಚ ಕೆಳಗಿಡದೆ ಹೇಳಿದಳು:

"ಹೊಟ್ಟೆಕಿಚ್ಚು ಅದರ ಜೊತೆಗೇ ಹೋದೀತು ಅಂತ ಕಾದೆ. ಹೋಗ್ಲಿಲ್ಲ ಮಾರಾಯ, ಹಾಗೇ ಉಂಟು."