ಸಾಹೇಬರಿಗಾಗಿ ಸಿಂಗರಿಸಿದ ಶಾಲೆ

ಬಿಸಿಲಿಗೆ ಹಾಕಲೆಂದು ಇವತ್ತು ಹಳೆಯ ಜಮಖಾನ ಬಿಚ್ಚಿದೆ. ಒಳಗಿನ ಒಣ ಬೇವಿನೆಲೆಯ ವಾಸನೆ ಮೂಗಿಗೆ ಬಂದದ್ದೇ, ಅಜ್ಜಿಯ ಮಗ್ಗುಲಲ್ಲಿ ಕೂತ ಹುಡುಗಿಯಾದೆ. ನಾನು ಪಠ್ಯಪುಸ್ತಕವನ್ನು ಗಟ್ಟಿಯಾಗಿ ಓದಬೇಕು, ಅವಳು ಬತ್ತಿ ಹೊಸೆಯುತ್ತ ಕೇಳಬೇಕು. ಹಾಗೆ ಓದುವಾಗಲೇ ಒಮ್ಮೆ ಈ ಜಮಖಾನದ ಕತೆ ಹೇಳಿದ್ದಳು.

ಆಗ ಬ್ರಿಟಿಷರ ಕಾಲ. ಅಮ್ಮಿನಬಾವಿಯಲ್ಲಿ ಅವಳು ಕಲಿಯುತ್ತಿದ್ದ ಹೆಣ್ಣುಮಕ್ಕಳ ಶಾಲೆಯಲ್ಲಿ ಸೀಮೆಸುಣ್ಣ, ಮಸಿ, ಕುಡಿಯುವ ನೀರಿಗೂ ಗತಿಯಿರಲಿಲ್ಲ. ಸರಕಾರದ ಗ್ರ್ಯಾಂಟು ಸಿಗದಿದ್ದರೆ ಮುಚ್ಚುವುದೊಂದೇ ದಾರಿ. ಕೊರತೆ ನೋಡಲು ಧಾರವಾಡದಿಂದ ಸಾಹೇಬರು ಬರುತ್ತಾರೆಂದಾಗ ಊರಿಗೆ ಮರ್ಯಾದೆಯ ಚಿಂತೆ ಹತ್ತಿತು. ಅಜ್ಜಿಯ ಅಪ್ಪ ಮದುವೆಯ ಜಮಖಾನ ತಂದು ಹಾಸಿದರು. ಯಾರೋ ಕುರ್ಚಿ, ಯಾರೋ ಗಡಿಯಾರ, ಇನ್ಯಾರೋ ಹಿತ್ತಾಳೆಯ ಕೊಡ ತಂದರು.

ಕಲಿಸುವ ಅಕ್ಕೋರು ಕೈಮುಗಿದರು. “ಬ್ಯಾಡ್ರಿ ಕಾಕಾ, ಸಾಲಿ ಹೆಂಗೈತಿ ಹಂಗ ಕಾಣ್ಲಿ.”

“ಊರಿನ ಮಾನ ಕಳೀತೀರೇನ್ರಿ ಅಕ್ಕೋರ?” ಎಂದು ಅಜ್ಜಿಯ ಅಪ್ಪ ರೇಗಿದರು.

ಸಾಹೇಬರು ಚಹಾ ಕುಡಿದು ಸುತ್ತ ಕಣ್ಣಾಡಿಸಿದರು. “ಇಷ್ಟ್ ಛಲೋ ಸಾಲಿಗೆ ಗ್ರ್ಯಾಂಟ್ ಯಾಕ್ರಿ ಬೇಕು?”

ಊರವರು ಹಿಗ್ಗಿದರು. ಅಕ್ಕೋರು ಗೋಡೆಯ ಕಡೆ ಮುಖ ಮಾಡಿ ನಿಂತರಂತೆ.

“ಆಮ್ಯಾಲ ಏನಾತಜ್ಜಿ?”

“ಸಂಜಿಕ ಎಲ್ಲಾರೂ ತಮ್ ತಮ್ ಸಾಮಾನು ಹೊತ್ಕೊಂಡು ಹೋದ್ರು. ಗ್ರ್ಯಾಂಟು ಬರ್ಲಿಲ್ಲ. ನನ್ನ ಎರಡನೇ ಪುಸ್ತಕ ಅರ್ಧಾ ಆಗಿತ್ತು ನೋಡವಾ, ಸಾಲಿ ಮುಚ್ಚಿದ್ರು.” ಬತ್ತಿ ಹೊಸೆಯುವ ಕೈ ನಿಲ್ಲಲಿಲ್ಲ. “ಹೂಂ, ಮುಂದ ಓದು.”

ಈಗಲೂ ಯಾವ ಪುಸ್ತಕವನ್ನೂ ಅರ್ಧಕ್ಕೆ ಮುಚ್ಚಿಡಲು ನನ್ನಿಂದಾಗುವುದಿಲ್ಲ. ಬೇಸರ ಬಂದರೂ, ಕಣ್ಣು ಉರಿದರೂ, ಪಕ್ಕದಲ್ಲಿ ಯಾರೋ ಕಾಯುತ್ತಿದ್ದಾರೆಂಬ ತಳಮಳದಲ್ಲಿ ಕೊನೆಯ ಪುಟದವರೆಗೆ ಓದುತ್ತೇನೆ.